ವೈನ್ ತೋಟದ ಟೂರ್‌ನಲ್ಲಿ ಏನಿರುತ್ತೆ? ‘ಬಯೋಡೈನಮಿಕ್’ ಅಂದ್ರೆ ಏನು? ದ್ರಾಕ್ಷಿ ಬೆಳೆಗಾರರು, ಅಂಗಡಿಯವರು ತಿಳಿಯಬೇಕಾದ ಲೆಕ್ಕ

ದೊಡ್ಡಬಳ್ಳಾಪುರ: ಶನಿವಾರ, ಭಾನುವಾರ ಬಂತು ಅಂದ್ರೆ ನಂದಿಬೆಟ್ಟದ ಕಡೆ ಬೆಂಗಳೂರು ಕಾರುಗಳ ಸಾಲು. ಎಲ್ಲವೂ ಬೆಟ್ಟ ಹತ್ತಲ್ಲ. ಕೆಲವು ತಪ್ಪಲಿನಲ್ಲೇ ತಿರುಗಿ ದ್ರಾಕ್ಷಿ ತೋಟದ ಗೇಟಿನ ಒಳಗೆ ಹೋಗುತ್ತವೆ. ಒಳಗೆ ಹೋದವರು ಮೂರ್ನಾಲ್ಕು ಗಂಟೆ ಬಿಟ್ಟು ಕೈಯಲ್ಲಿ ಬಾಟಲಿ ಚೀಲ, ಮೊಬೈಲ್ ತುಂಬಾ ಫೋಟೋ ಹಿಡ್ಕೊಂಡು ಬರ್ತಾರೆ. ಅದೇ ರಸ್ತೆಯಲ್ಲಿ ಓಡಾಡುವ ನಮ್ಮ ತಾಲ್ಲೂಕಿನ ಹೆಚ್ಚಿನವರು ಆ ಗೇಟ್ ದಾಟಿಲ್ಲ. ದ್ರಾಕ್ಷಿ ನಮ್ಮದು, ನೆಲ ನಮ್ಮದು. ಆದರೆ ಒಳಗೆ ನಡೆಯೋದು ಏನು ಅಂತ ಮಾತ್ರ ಗೊತ್ತಿಲ್ಲ.

ಇದರ ಜೊತೆಗೆ ಹೊಸದೊಂದು ಪದವೂ ಸೇರಿಕೊಂಡಿದೆ: ಬಯೋಡೈನಮಿಕ್. ಹೊರದೇಶದ ದುಬಾರಿ ವೈನ್ ಬಾಟಲಿ ಮೇಲೆ, ಪ್ರವಾಸದ ವಿಡಿಯೋಗಳಲ್ಲಿ ಈ ಪದ ಕಾಣುತ್ತೆ. ಸಾವಯವ ಅಂದ್ರೆ ಗೊತ್ತು, ಇದೇನು ಅಂತ ಕೇಳುವವರು ಹೆಚ್ಚಾಗಿದ್ದಾರೆ. ಹಸುವಿನ ಕೊಂಬಿಗೆ ಸಗಣಿ ತುಂಬಿ ಹೂಳೋದು, ಚಂದ್ರನನ್ನ ನೋಡಿ ಬೇಸಾಯ ಮಾಡೋದು ಅಂತ ಕೇಳಿದವರಿಗೆ ಕೆಲವೊಮ್ಮೆ ನಗು, ಕೆಲವೊಮ್ಮೆ ಕುತೂಹಲ. ಪೂರ್ತಿ ವಿವರ ಇಲ್ಲಿದೆ.

ನಮ್ಮ ಕಡೆಗೂ ವೈನ್‌ಗೂ ಏನು ನಂಟು?

ದೊಡ್ಡಬಳ್ಳಾಪುರ, ದೇವನಹಳ್ಳಿ, ಚಿಕ್ಕಬಳ್ಳಾಪುರ, ಕೋಲಾರದ ಕಡೆ ದ್ರಾಕ್ಷಿ ಹೊಸದಲ್ಲ. ಬೆಂಗಳೂರು ಬ್ಲೂ ಅನ್ನೋ ಕಪ್ಪು-ನೀಲಿ ಬಣ್ಣದ ಬೀಜದ ದ್ರಾಕ್ಷಿ ಇಲ್ಲಿ ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಇದೆ. 2013ರಲ್ಲಿ ಇದಕ್ಕೆ ಭೌಗೋಳಿಕ ಸೂಚಕ, ಅಂದ್ರೆ ಜಿಐ ಟ್ಯಾಗ್ ಸಿಕ್ಕಿತು. ಜ್ಯೂಸ್, ಜಾಮ್‌ಗೆ ಹೇಳಿ ಮಾಡಿಸಿದ ಹಣ್ಣು. ಸಿಹಿಯಾದ ಪೋರ್ಟ್ ಮಾದರಿಯ ವೈನ್‌ಗೂ ಬಳಕೆಯಲ್ಲಿದೆ.

ಆದರೆ ಟೂರ್‌ಗೆ ಬರುವವರು ಕುಡಿಯುವ ಹುಳಿ-ಒಗರಿನ ವೈನ್‌ಗೆ ಬೇರೆ ತಳಿ ಬೇಕು. ಕ್ಯಾಬರ್ನೆ ಸಾವಿನ್ಯೋ, ಶಿರಾಜ್, ಸಾವಿನ್ಯೋ ಬ್ಲಾಂಕ್ ಹೀಗೆ ಫ್ರಾನ್ಸ್ ಕಡೆಯ ಹೆಸರುಗಳು. ಈ ತಳಿಗಳನ್ನ ನಂದಿ ತಪ್ಪಲಿಗೆ ತಂದು ದೊಡ್ಡ ಮಟ್ಟದಲ್ಲಿ ಬೆಳೆದವರಲ್ಲಿ ಮೊದಲಿಗರು ಕನ್ವಲ್ ಗ್ರೋವರ್. 1988ರಲ್ಲಿ ಶುರುವಾದ ಆ ಕಂಪನಿಯ ತೋಟ, ಘಟಕ ಇರೋದು ದೊಡ್ಡಬಳ್ಳಾಪುರ-ದೇವನಹಳ್ಳಿ ರಸ್ತೆಯ ರಘುನಾಥಪುರದಲ್ಲಿ. ಫ್ರಾನ್ಸಿನ ತಜ್ಞ ಜಾರ್ಜ್ ವೆಸೆಲ್ ಶುರುವಿನಲ್ಲಿ ಜೊತೆಗಿದ್ದರು. ಆಮೇಲೆ ಮಿಶೆಲ್ ರೋಲಾಂ ಸಲಹೆಗಾರರಾಗಿ ಬಂದರು. 2012ರಲ್ಲಿ ನಾಸಿಕ್ ಕಡೆಯ ಇನ್ನೊಂದು ಕಂಪನಿ ಜೊತೆ ಸೇರಿ ಅದು ಗ್ರೋವರ್ ಝಂಪಾ ಆಯಿತು.

ಇಲ್ಲೇ ಯಾಕೆ ಅಂದ್ರೆ ಕಾರಣ ಎತ್ತರ. ನಂದಿಬೆಟ್ಟ ಸಮುದ್ರ ಮಟ್ಟದಿಂದ 1,478 ಮೀಟರ್ ಮೇಲಿದೆ. ತಪ್ಪಲಿನ ಊರುಗಳೂ 900 ಮೀಟರ್ ಆಸುಪಾಸಿನಲ್ಲಿವೆ. ಹಗಲು ಬಿಸಿಲು, ರಾತ್ರಿ ತಂಪು. ರಾತ್ರಿ ತಂಪಿದ್ದರೆ ಹಣ್ಣಿನ ಹುಳಿ ಪೂರ್ತಿ ಇಳಿದುಹೋಗಲ್ಲ. ವೈನ್‌ಗೆ ಆ ಹುಳಿ ಬೇಕೇ ಬೇಕು.

ರಾಜ್ಯ ಸರ್ಕಾರ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದಿತು. ಅದೇ ವರ್ಷ ವೈನ್ ಬೋರ್ಡ್ ಕೂಡ ಶುರುವಾಯಿತು. ದ್ರಾಕ್ಷಿ ಬೆಳೆಗಾರರಿಗೆ ಹೊಸ ಮಾರುಕಟ್ಟೆ ಕೊಡಿಸೋದು ಇದರ ಉದ್ದೇಶ.

ಗೇಟ್ ಒಳಗೆ ಏನೇನು ತೋರಿಸ್ತಾರೆ?

ಇಂಥ ಟೂರ್‌ಗೆ ಮೊದಲೇ ಬುಕ್ ಮಾಡಬೇಕು. ಸುಮ್ನೆ ಹೋಗಿ ಗೇಟ್ ಹತ್ರ ನಿಂತ್ರೆ ಒಳಗೆ ಬಿಡೋದು ಕಷ್ಟ. ಟೂರ್ ಮಾತ್ರವೇ, ಊಟವೂ ಸೇರಿದೆಯೇ ಅನ್ನೋದರ ಮೇಲೆ ಹಣ. ಸಾಮಾನ್ಯವಾಗಿ ನಾಲ್ಕು ಹಂತ ಇರುತ್ತೆ.

ಮೊದಲು ತೋಟ. ನಮ್ಮ ಬೆಂಗಳೂರು ಬ್ಲೂ ತಲೆ ಮೇಲಿನ ಚಪ್ಪರದಲ್ಲಿ ಹಬ್ಬಿರುತ್ತೆ. ವೈನ್ ದ್ರಾಕ್ಷಿ ಹಾಗಲ್ಲ. ಬೇಲಿ ಥರ ಕಂಬ ನೆಟ್ಟು ತಂತಿ ಎಳೆದು ಸಾಲು ಸಾಲಾಗಿ ನಿಲ್ಲಿಸಿರ್ತಾರೆ. ಗೊಂಚಲು ಸಣ್ಣದು, ಹಣ್ಣು ಸಣ್ಣದು, ಸಿಪ್ಪೆ ದಪ್ಪ, ಒಳಗೆ ಬೀಜ. ತಿಂದರೆ ಸಿಹಿ ಇರುತ್ತೆ, ಆದರೆ ಜಗಿಯಲು ಸಿಪ್ಪೆ, ಬೀಜವೇ ಜಾಸ್ತಿ. ಕೆಲವು ಕಡೆ ಸಾಲಿನ ತುದಿಯಲ್ಲಿ ಗುಲಾಬಿ ಗಿಡ ಇರುತ್ತೆ. ಬರೀ ಚೆಂದಕ್ಕಲ್ಲ. ಬೂದಿ ರೋಗ ಗುಲಾಬಿಗೆ ಬೇಗ ಬರುತ್ತೆ, ಅದನ್ನ ನೋಡಿ ದ್ರಾಕ್ಷಿಗೆ ಎಚ್ಚರ ಆಗಬಹುದು ಅನ್ನೋದು ಯುರೋಪಿನ ಹಳೇ ರೂಢಿ.

ಎರಡನೇದು ಘಟಕ. ಇಲ್ಲಿ ಕೊಯ್ಲು ನಡೆಯೋದು ಫೆಬ್ರವರಿಯಿಂದ ಏಪ್ರಿಲ್ ಒಳಗೆ. ಹಣ್ಣಿನ ಸಕ್ಕರೆ ಎಷ್ಟಿದೆ ಅಂತ ಬ್ರಿಕ್ಸ್ ಮೀಟರ್‌ನಲ್ಲಿ ನೋಡಿ ಕೊಯ್ಲಿನ ದಿನ ಗೊತ್ತು ಮಾಡ್ತಾರೆ. ಬಿಳಿ ವೈನ್‌ಗೆ ಹಣ್ಣು ಹಿಂಡಿ ರಸ ಮಾತ್ರ ಹುದುಗಿಸ್ತಾರೆ. ಕೆಂಪು ವೈನ್‌ಗೆ ಸಿಪ್ಪೆ ಸಮೇತ ಹುದುಗಿಸ್ತಾರೆ. ಬಣ್ಣ, ಒಗರು ಎರಡೂ ಬರೋದು ಸಿಪ್ಪೆಯಿಂದ. ಯೀಸ್ಟ್ ಸಕ್ಕರೆಯನ್ನ ತಿಂದು ಆಲ್ಕೋಹಾಲ್ ಮಾಡುತ್ತೆ. ದೋಸೆ ಹಿಟ್ಟು ರಾತ್ರಿ ಉಬ್ಬಿ ಬರೋದೂ ಹುದುಗುವಿಕೆಯೇ. ಇಲ್ಲಿ ಅದನ್ನ ದೊಡ್ಡ ಸ್ಟೀಲ್ ಟ್ಯಾಂಕ್‌ನಲ್ಲಿ, ತಂಪು ಕಾಯ್ದುಕೊಂಡು ಮಾಡ್ತಾರೆ.

ಮೂರನೇದು ಬ್ಯಾರೆಲ್ ಕೋಣೆ. ತಂಪು, ಮಬ್ಬು ಬೆಳಕು, ಮರದ ಪೀಪಾಯಿಗಳ ಸಾಲು. ಓಕ್ ಮರದ ಒಂದು ಸಾಮಾನ್ಯ ಪೀಪಾಯಿ 225 ಲೀಟರ್ ಹಿಡಿಯುತ್ತೆ. ಎಲ್ಲಾ ವೈನ್ ಇಲ್ಲಿಗೆ ಬರಲ್ಲ. ಬೆಲೆ ಜಾಸ್ತಿ ಇರುವ ಕೆಂಪು ವೈನ್‌ಗಳು ತಿಂಗಳುಗಟ್ಟಲೆ ಇಲ್ಲಿ ಕೂರುತ್ತವೆ.

ನಾಲ್ಕನೇದು ರುಚಿ ನೋಡುವ ಕೋಣೆ. ಜನ ಬರೋದೇ ಇದಕ್ಕೆ.

ರುಚಿ ಕೋಣೆಯಲ್ಲಿ ಹೇಗೆ?

ಬಾರ್‌ನಲ್ಲಿ ಕೂತು ಕುಡಿಯೋದಕ್ಕೂ ಇದಕ್ಕೂ ವ್ಯತ್ಯಾಸ ಇದೆ. ಗ್ಲಾಸಿಗೆ ತಳ ಮುಚ್ಚುವಷ್ಟು ಮಾತ್ರ ಹಾಕ್ತಾರೆ. ಬಿಳಿಯಿಂದ ಶುರು, ಕೆಂಪಿಗೆ ಮುಗಿತಾಯ. ಮೊದಲೇ ಗಡುಸು ಕುಡಿದರೆ ಆಮೇಲೆ ತೆಳ್ಳಗಿನದು ನೀರಿನ ಥರ ಅನ್ಸುತ್ತೆ, ಅದಕ್ಕೆ ಈ ಕ್ರಮ. ಬಣ್ಣ ನೋಡು, ಗ್ಲಾಸ್ ತಿರುಗಿಸು, ಮೂಸು, ಆಮೇಲೆ ಒಂದು ಗುಟುಕು ಅಂತ ಹೇಳಿಕೊಡ್ತಾರೆ. ಗುಟುಕನ್ನ ಉಗಿಯಲು ಪಾತ್ರೆಯನ್ನೂ ಇಟ್ಟಿರ್ತಾರೆ. ಉಗಿಯೋದು ಅವಮಾನ ಅಲ್ಲ, ವೃತ್ತಿಯವರು ಮಾಡೋದೇ ಹಾಗೆ.

ಟ್ಯಾನಿನ್ ಅನ್ನೋ ಪದ ಹತ್ತು ಸಲ ಕಿವಿಗೆ ಬೀಳುತ್ತೆ. ಗಾಬರಿ ಬೇಡ, ಅದು ನಮ್ಮ ಒಗರು. ನೇರಳೆಹಣ್ಣು ತಿಂದ ಮೇಲೆ ನಾಲಗೆ ಹಿಡಿದ ಹಾಗೆ ಆಗುತ್ತಲ್ಲ, ಅದೇ. ಇಂಗ್ಲಿಷ್ ಹಣ್ಣುಗಳ ಹೆಸರು ಹೇಳಿ ವಾಸನೆ ಹುಡುಕಿ ಅಂದ್ರೆ ನಮಗೆ ಗೊತ್ತಿರುವ ಸೀಬೆ, ನೇರಳೆ, ಮೆಣಸು, ಹುಣಸೆ ಇದರಲ್ಲಿ ಯಾವುದು ಹೋಲುತ್ತೆ ಅಂತ ನೋಡಿದರೂ ನಡೆಯುತ್ತೆ. ತಪ್ಪು ಉತ್ತರ ಅನ್ನೋದು ಇಲ್ಲ.

ಎಚ್ಚರ ಒಂದಿದೆ. ವೈನ್ ಹಣ್ಣಿನ ರಸ ಅಂತ ಹಗುರ ಮಾಡೋ ಹಾಗಿಲ್ಲ. ಇದರಲ್ಲಿ ಸಾಮಾನ್ಯವಾಗಿ ಶೇ 12ರಿಂದ 14ರಷ್ಟು ಆಲ್ಕೋಹಾಲ್ ಇರುತ್ತೆ, ಸಾಮಾನ್ಯ ಬಿಯರ್‌ನ ಎರಡು ಪಟ್ಟಿಗಿಂತ ಹೆಚ್ಚು. ಆರೋಗ್ಯಕ್ಕೆ ಸುರಕ್ಷಿತ ಅನ್ನುವ ಆಲ್ಕೋಹಾಲ್ ಪ್ರಮಾಣವೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಇನ್ನು ಗಾಡಿ ವಿಷಯ. 100 ಎಂಎಲ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಆಲ್ಕೋಹಾಲ್ ಸಿಕ್ಕರೆ ಕೇಸ್. ಮೊದಲ ಸಲಕ್ಕೇ 10 ಸಾವಿರ ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ರುಚಿ ನೋಡಿದವರು ಸ್ಟೇರಿಂಗ್ ಹಿಡಿಯಬಾರದು, ಅಷ್ಟೇ.

ಬಯೋಡೈನಮಿಕ್ ಎಲ್ಲಿಂದ ಬಂತು?

ಹೊರದೇಶದ ರುಚಿ ಕೋಣೆಗಳಲ್ಲಿ ಬಾಟಲಿ ಬೆಲೆ ಏರಿಸುವ ಮಾತುಗಳಲ್ಲಿ ಈ ಪದವೂ ಒಂದು. ಇದರ ಮೂಲ ರುಡಾಲ್ಫ್ ಸ್ಟೈನರ್. 1924ರ ಜೂನ್‌ನಲ್ಲಿ ಕೋಬರ್ವಿಟ್ಜ್ ಅನ್ನೋ ಊರಲ್ಲಿ, ಅದು ಈಗ ಪೋಲೆಂಡ್‌ನಲ್ಲಿದೆ, ರೈತರಿಗಾಗಿ ಎಂಟು ಉಪನ್ಯಾಸ ಕೊಟ್ಟರು. ರಾಸಾಯನಿಕ ಗೊಬ್ಬರ ಬಂದ ಮೇಲೆ ಬೀಜ, ದನಕರು, ಮಣ್ಣು ಎಲ್ಲ ಸೊರಗುತ್ತಿದೆ ಅನ್ನೋದು ಆ ರೈತರ ಅಳಲಾಗಿತ್ತು. ಸ್ಟೈನರ್ ರೈತರಲ್ಲ, ತತ್ತ್ವ ಹೇಳುವವರು. ಮರುವರ್ಷವೇ ತೀರಿಕೊಂಡರು. ಅವರ ಮಾತನ್ನ ಹಿಡಿದು ಪದ್ಧತಿ ಮಾಡಿದವರು ಆಮೇಲಿನವರು. 1928ರಲ್ಲಿ ಡಿಮೀಟರ್ ಅನ್ನೋ ಗುರುತು ನೋಂದಣಿ ಆಯಿತು. ಇವತ್ತಿಗೂ ಬಯೋಡೈನಮಿಕ್‌ಗೆ ಮುಖ್ಯ ಸರ್ಟಿಫಿಕೇಟ್ ಅದೇ.

ಮೂಲ ವಿಚಾರ ಸರಳ. ತೋಟ ಒಂದು ಜೀವ ಇದ್ದ ಹಾಗೆ. ಅದಕ್ಕೆ ಬೇಕಾದ ಗೊಬ್ಬರ, ಮೇವು ಆದಷ್ಟು ಅಲ್ಲೇ ಹುಟ್ಟಬೇಕು, ಹೊರಗಿಂದ ತರೋದು ಕಮ್ಮಿ ಇರಬೇಕು. ದನ ಇರಬೇಕು, ಬೇರೆ ಬೇರೆ ಗಿಡ ಇರಬೇಕು. ರಾಸಾಯನಿಕ ಗೊಬ್ಬರ, ಕಳೆನಾಶಕ ನಿಷಿದ್ಧ. ಇಲ್ಲಿವರೆಗೆ ನಮ್ಮ ಅಜ್ಜಂದಿರ ಬೇಸಾಯಕ್ಕೂ ಇದಕ್ಕೂ ದೊಡ್ಡ ವ್ಯತ್ಯಾಸ ಕಾಣಲ್ಲ.

ಕೊಂಬಿನ ಗೊಬ್ಬರ ಅಂದ್ರೆ?

ವ್ಯತ್ಯಾಸ ಶುರುವಾಗೋದು ಇಲ್ಲಿ. ಬಯೋಡೈನಮಿಕ್‌ನಲ್ಲಿ 500ರಿಂದ 507ರವರೆಗೆ ನಂಬರ್ ಇರುವ ತಯಾರಿಗಳಿವೆ.

500 ಅಂದ್ರೆ ಕೊಂಬಿನ ಗೊಬ್ಬರ. ಕರು ಹಾಕಿದ ಹಸುವಿನ ಕೊಂಬಿಗೆ ಹಾಲು ಕೊಡುವ ಹಸುವಿನ ಸಗಣಿ ತುಂಬಿ ಮಣ್ಣಲ್ಲಿ ಹೂಳ್ತಾರೆ. ಎತ್ತಿನ ಕೊಂಬು ನಡೆಯಲ್ಲ. ಯುರೋಪಿನಲ್ಲಿ ಚಳಿಗಾಲ ಪೂರ್ತಿ ಮಣ್ಣೊಳಗೆ ಇರುತ್ತೆ. ನಮ್ಮ ದೇಶದಲ್ಲಿ ಮಾಡುವವರು ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಹೂತು ಫೆಬ್ರವರಿ-ಮಾರ್ಚ್‌ನಲ್ಲಿ ತೆಗೀತಾರೆ. ಹೊರಗೆ ತೆಗೆದಾಗ ಸಗಣಿ ವಾಸನೆ ಹೋಗಿ ಮಣ್ಣಿನ ವಾಸನೆ ಬಂದಿರುತ್ತೆ. ಎಕರೆಗೆ ಬಳಸೋದು ಸುಮಾರು 25-30 ಗ್ರಾಂ ಮಾತ್ರ. ಅದನ್ನ 13-15 ಲೀಟರ್ ನೀರಿಗೆ ಹಾಕಿ ಒಂದು ಗಂಟೆ ಕಲಕಬೇಕು. ಒಂದು ಕಡೆ ತಿರುಗಿಸಿ ಸುಳಿ ಎಬ್ಬಿಸೋದು, ಆಮೇಲೆ ಉಲ್ಟಾ ತಿರುಗಿಸಿ ಸುಳಿ ಎಬ್ಬಿಸೋದು. ಸಂಜೆ ಹೊತ್ತು ನೆಲಕ್ಕೆ ಚಿಮುಕಿಸ್ತಾರೆ.

501ಕ್ಕೆ ಸಗಣಿ ಬದಲು ಬೆಣಚುಕಲ್ಲಿನ ನುಣ್ಣನೆ ಪುಡಿ. ಬೇಸಿಗೆ ಕಾಲದಲ್ಲಿ ಹೂತಿಟ್ಟು, ಆಮೇಲೆ ಬೆಳಗ್ಗೆ ಎಲೆಗಳ ಮೇಲೆ ಸಿಂಪಡಿಸ್ತಾರೆ. ಉಳಿದ ಆರು ತಯಾರಿಗಳು ಗಿಡಮೂಲಿಕೆಗಳದ್ದು. ಕಾಂಪೋಸ್ಟ್ ಗುಂಡಿಗೆ ಚೂರು ಚೂರು ಹಾಕೋದು.

ನಮ್ಮ ದೇಶಕ್ಕೆ ಇದನ್ನ ಹಬ್ಬಿಸಿದವರಲ್ಲಿ ನ್ಯೂಜಿಲೆಂಡ್‌ನ ಪೀಟರ್ ಪ್ರಾಕ್ಟರ್ ಹೆಸರು ದೊಡ್ಡದು. 1990ರ ದಶಕದಿಂದ ಇಲ್ಲಿಗೆ ಬಂದು ರೈತರಿಗೆ ಹೇಳಿಕೊಟ್ಟರು. ಇಟ್ಟಿಗೆ ಕಟ್ಟಿದ ಸಣ್ಣ ಗುಂಡಿಯಲ್ಲಿ ಸಗಣಿ, ಮೊಟ್ಟೆ ಸಿಪ್ಪೆ ಪುಡಿ, ಕಲ್ಲಿನ ಪುಡಿ ಸೇರಿಸಿ ಈ ತಯಾರಿಗಳನ್ನ ಹಾಕಿ ಮಾಡುವ ಸಿಪಿಪಿ ಗೊಬ್ಬರ ಕೆಲವು ಸಾವಯವ ರೈತರಿಗೆ ಪರಿಚಯ ಇರಬಹುದು. ಅದು ಇದೇ ಮನೆತನದ್ದು. ಜೀವಾಮೃತ, ಪಂಚಗವ್ಯ ಮಾತ್ರ ಬೇರೆ ಪದ್ಧತಿಯವು, ಬಯೋಡೈನಮಿಕ್ ಅಲ್ಲ.

ಚಂದ್ರನ ಲೆಕ್ಕ ಏನು?

ಬಯೋಡೈನಮಿಕ್‌ನವರು ಕ್ಯಾಲೆಂಡರ್ ಇಟ್ಕೊಂಡು ಕೆಲಸ ಮಾಡ್ತಾರೆ. ಜರ್ಮನಿಯ ಮರಿಯಾ ಥುನ್ ಅನ್ನೋರು ಇದನ್ನ ಜನಪ್ರಿಯ ಮಾಡಿದ್ದು. ಚಂದ್ರ ಯಾವ ರಾಶಿಯಲ್ಲಿದ್ದಾನೆ ಅನ್ನೋದರ ಮೇಲೆ ದಿನಗಳನ್ನ ಬೇರಿನ ದಿನ, ಎಲೆ ದಿನ, ಹೂವಿನ ದಿನ, ಹಣ್ಣಿನ ದಿನ ಅಂತ ವಿಂಗಡಿಸ್ತಾರೆ. ದ್ರಾಕ್ಷಿ ಕೊಯ್ಲಿಗೆ ಹಣ್ಣಿನ ದಿನ ಒಳ್ಳೇದು ಅನ್ನೋದು ಲೆಕ್ಕ. ಕೆಲವರು ವೈನ್ ರುಚಿ ನೋಡೋದಕ್ಕೂ ದಿನ ನೋಡ್ತಾರೆ.

ಪಂಚಾಂಗ ನೋಡಿ ಬಿತ್ತನೆ ಮಾಡಿದ ಊರಿನವರಿಗೆ ಇದು ವಿಚಿತ್ರ ಅನ್ನಿಸಲ್ಲ. ಆದರೆ ಎರಡೂ ಒಂದೇ ಅಲ್ಲ. ನಮ್ಮ ರೋಹಿಣಿ ಮಳೆ, ಮಖೆ ಮಳೆ ಅನ್ನೋದು ಸೂರ್ಯ ಯಾವ ನಕ್ಷತ್ರದಲ್ಲಿದ್ದಾನೆ ಅನ್ನೋ ಲೆಕ್ಕ. ಹಾಗಾಗಿ ಅದು ವರ್ಷದ ಋತುವಿನ ಜೊತೆಗೇ ಓಡುತ್ತೆ. ಬಯೋಡೈನಮಿಕ್‌ನದ್ದು ಚಂದ್ರನ ಲೆಕ್ಕ, ಎರಡು-ಮೂರು ದಿನಕ್ಕೊಮ್ಮೆ ಬದಲಾಗುತ್ತೆ.

ಇಂಥ ತೋಟ ನೋಡಲು ಹೇಗಿರುತ್ತೆ?

ಇದಕ್ಕೆ ಒಂದು ಹೆಸರಾದ ಉದಾಹರಣೆ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿದೆ. ಸೊನೋಮಾದ ಗ್ಲೆನ್ ಎಲೆನ್ ಊರಿನ ಬೆಂಜಿಗರ್ ತೋಟ. ಬೆಂಜಿಗರ್ ಕುಟುಂಬ 1980ರಲ್ಲಿ ಆ ಜಾಗ ಕೊಂಡಿತು. 2000ದಲ್ಲಿ ಡಿಮೀಟರ್ ಸರ್ಟಿಫಿಕೇಟ್ ಸಿಕ್ಕಿತು. ಟ್ರ್ಯಾಕ್ಟರ್ ಎಳೆಯುವ ಗಾಡಿಯಲ್ಲಿ ಜನರನ್ನ ಕೂರಿಸಿ ಬೆಟ್ಟದ ಇಳಿಜಾರಿನ ತೋಟ ಸುತ್ತಿಸಿಯೇ ಅದು ಹೆಸರು ಮಾಡಿದ್ದು.

ಅಲ್ಲಿ ಗಮನಿಸಬೇಕಾದ್ದು, ಇಡೀ ಜಾಗಕ್ಕೆ ದ್ರಾಕ್ಷಿ ಹಾಕಿಲ್ಲ. ಒಂದಷ್ಟು ಕಾಡು ಬಿಟ್ಟಿದ್ದಾರೆ. ಹೂಗಿಡಗಳದ್ದೇ ಒಂದು ಪಟ್ಟೆ ಇದೆ, ಅದು ಹುಳು ತಿನ್ನುವ ಒಳ್ಳೇ ಕೀಟಗಳಿಗೆ ಮನೆ. ಗೊಬ್ಬರಕ್ಕೆ ದನ. ಗಿಡ ಎಲೆ ಉದುರಿಸಿ ಮಲಗಿರುವ ಚಳಿಗಾಲದಲ್ಲಿ ಸಾಲಿನ ಮಧ್ಯೆ ಕುರಿ ಬಿಡ್ತಾರೆ. ಅವು ಕಳೆ ಮೇಯುತ್ತವೆ, ಹಿಕ್ಕೆ ಹಾಕುತ್ತವೆ. ನಮ್ಮ ಕಡೆ ಹೊಲದಲ್ಲಿ ಕುರಿ ಮಂದೆ ನಿಲ್ಲಿಸೋ ಪದ್ಧತಿಯನ್ನ ಅಲ್ಲಿ ಟಿಕೆಟ್ ಕೊಟ್ಟು ನೋಡ್ತಾರೆ ಅಂದುಕೊಳ್ಳಿ. ಅದೇ ತೋಟ 2015ರಲ್ಲಿ ದೊಡ್ಡ ಕಂಪನಿಯೊಂದಕ್ಕೆ ಮಾರಾಟವಾಯಿತು. ಸಣ್ಣ ಕುಟುಂಬದ ತೋಟ ಅಂತ ಕಟ್ಟಿದ ಹೆಸರಿಗೆ ಮಾರುಕಟ್ಟೆಯಲ್ಲಿ ಎಷ್ಟು ಬೆಲೆ ಇದೆ ಅನ್ನೋದಕ್ಕೆ ಇದೂ ಸಾಕ್ಷಿ.

ಫ್ರಾನ್ಸಿನಲ್ಲಿ ನಿಕೋಲಾ ಜೋಲಿ, ಲೆರ್ವಾ ಅನ್ನೋ ದೊಡ್ಡ ಹೆಸರಿನವರು 1980ರ ದಶಕದಲ್ಲೇ ಈ ದಾರಿ ಹಿಡಿದರು. ವೈನ್ ಲೋಕದಲ್ಲಿ ಈ ಪದಕ್ಕೆ ಬೆಲೆ ಬರಲು ಇಂಥವರೇ ಕಾರಣ.

ನಿಜಕ್ಕೂ ಕೆಲಸ ಮಾಡುತ್ತಾ?

ಇದರಲ್ಲಿ ಎರಡು ಭಾಗ ಮಾಡಿ ನೋಡಬೇಕು.

ಕಾಂಪೋಸ್ಟ್, ದನದ ಗೊಬ್ಬರ, ಕಳೆನಾಶಕ ಬಿಡೋದು, ಬೇರೆ ಬೇರೆ ಗಿಡ ಬೆಳೆಸೋದು ಮೊದಲ ಭಾಗ. ಇದರಿಂದ ಮಣ್ಣಿಗೆ ಲಾಭ ಇದೆ ಅನ್ನೋದಕ್ಕೆ ಗಟ್ಟಿ ಆಧಾರ ಇದೆ. ಸ್ವಿಟ್ಜರ್ಲೆಂಡ್‌ನಲ್ಲಿ 1978ರಿಂದ ಒಂದೇ ಜಾಗದಲ್ಲಿ ಬಯೋಡೈನಮಿಕ್, ಸಾವಯವ, ಸಾಮಾನ್ಯ ಬೇಸಾಯ ಅಕ್ಕಪಕ್ಕ ಮಾಡಿ ನೋಡ್ತಿದ್ದಾರೆ. 21 ವರ್ಷದ ಫಲಿತಾಂಶ 2002ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂತು. ಬಯೋಡೈನಮಿಕ್, ಸಾವಯವ ಎರಡರಲ್ಲೂ ಸೇರಿ ಇಳುವರಿ ಸರಾಸರಿ ಶೇ 20 ಕಮ್ಮಿ. ಆದರೆ ಕೀಟನಾಶಕ ಶೇ 97 ಕಮ್ಮಿ, ಗೊಬ್ಬರ ಮತ್ತು ಇಂಧನದ ಬಳಕೆಯೂ ಮೂರನೇ ಒಂದಕ್ಕಿಂತ ಹೆಚ್ಚು ಕಮ್ಮಿ, ಮಣ್ಣಿನ ಜೀವ ಜಾಸ್ತಿ. ಅಲ್ಲಿ ಬೆಳೆದಿದ್ದು ಗೋಧಿ, ಆಲೂಗಡ್ಡೆಯಂಥ ಬೆಳೆ, ದ್ರಾಕ್ಷಿ ಅಲ್ಲ ಅನ್ನೋದು ನೆನಪಿರಲಿ.

ಎರಡನೇ ಭಾಗ ಕೊಂಬು, ಚಂದ್ರ. ಕ್ಯಾಲಿಫೋರ್ನಿಯಾದ ದ್ರಾಕ್ಷಿ ತೋಟವೊಂದರಲ್ಲಿ ಸಾವಯವ ಒಂದು ಕಡೆ, ಅದೇ ಸಾವಯವದ ಜೊತೆ ಬಯೋಡೈನಮಿಕ್ ತಯಾರಿಗಳು ಇನ್ನೊಂದು ಕಡೆ ಹಾಕಿ ಆರು ವರ್ಷ ಹೋಲಿಸಿದರು. 2005ರಲ್ಲಿ ಬಂದ ಆ ಅಧ್ಯಯನದಲ್ಲಿ ಮಣ್ಣಿನ ಗುಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಅಂದ್ರೆ ಲಾಭ ಬರೋದು ಬಹುಪಾಲು ಸಾವಯವ ಕೆಲಸದಿಂದ. ಕೊಂಬಿನದು ನಂಬಿಕೆಯ ವಿಷಯ. ಆದರೂ ಅದನ್ನ ಮಾಡುವವರು ತೋಟದಲ್ಲಿ ದಿನವೂ ಓಡಾಡ್ತಾರೆ, ಗಿಡ ಗಿಡವನ್ನೂ ನೋಡ್ತಾರೆ. ಆ ನಿಗಾ ಕೂಡ ಬೆಳೆಯಲ್ಲಿ ಕಾಣಬಹುದು.

ನಮ್ಮ ಹವಾಗುಣದಲ್ಲಿ ಆಗುತ್ತಾ?

ಇಲ್ಲಿನ ಕಷ್ಟ ಮಳೆ. ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಪ್ರೂನಿಂಗ್ ಮಾಡಿ ಚಿಗುರು ಬರುವ ಹೊತ್ತಿಗೆ ಹಿಂಗಾರು ಮಳೆ ಹಿಡಿದರೆ ಡೌನಿ ರೋಗ ಬೆನ್ನಿಗೇ ಬರುತ್ತೆ. ಇದು ಬೆಳೆಗಾರರಿಗೆ ಬೇರೆಯವರು ಹೇಳಬೇಕಾಗಿಲ್ಲ. ಡಿಮೀಟರ್ ನಿಯಮದಲ್ಲಿ ಆಧುನಿಕ ಶಿಲೀಂಧ್ರನಾಶಕ ಹೊಡೆಯೋ ಹಾಗಿಲ್ಲ. ಗಂಧಕ ಮತ್ತು ತಾಮ್ರಕ್ಕೆ ಅವಕಾಶ ಇದೆ, ಅದೂ ತಾಮ್ರ ಹೆಕ್ಟೇರಿಗೆ ವರ್ಷಕ್ಕೆ ಸರಾಸರಿ 3 ಕೆಜಿ ದಾಟಬಾರದು.

ಇದನ್ನ ನಮ್ಮ ಲೆಕ್ಕಕ್ಕೆ ತಂದು ನೋಡಿ. ಮೈಲುತುತ್ತದಲ್ಲಿ ತಾಮ್ರ ಇರೋದು ಕಾಲು ಭಾಗ. 3 ಕೆಜಿ ತಾಮ್ರ ಅಂದ್ರೆ ಹೆಕ್ಟೇರಿಗೆ 12 ಕೆಜಿ ಮೈಲುತುತ್ತ, ಎಕರೆಗೆ 5 ಕೆಜಿಗಿಂತ ಸ್ವಲ್ಪ ಕಮ್ಮಿ. ಶೇ 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್‌ಗೆ 1 ಕೆಜಿ ಮೈಲುತುತ್ತ ಬೇಕು. ಅಂದ್ರೆ ಇಡೀ ವರ್ಷಕ್ಕೆ ಎಕರೆಗೆ 500 ಲೀಟರ್ ದ್ರಾವಣವೂ ಸಿಗಲ್ಲ. ಮಳೆ ಹಿಡಿದ ವರ್ಷ ಅದು ಎಷ್ಟು ಸಲದ ಸಿಂಪಡಣೆಗೆ ಸಾಕಾಗುತ್ತೆ ಅಂತ ಬೆಳೆಗಾರರೇ ಲೆಕ್ಕ ಹಾಕಿಕೊಳ್ಳಬಹುದು.

ಜೊತೆಗೆ ಸರ್ಟಿಫಿಕೇಟ್ ಕೂಡಲೇ ಸಿಗಲ್ಲ. ದೇಶದ ಸಾವಯವ ನಿಯಮದ ಪ್ರಕಾರ ದ್ರಾಕ್ಷಿಯಂಥ ಬಹುವಾರ್ಷಿಕ ಬೆಳೆಗೆ ಬದಲಾವಣೆ ಅವಧಿಯೇ 3 ವರ್ಷ. ಅಷ್ಟು ದಿನ ಇಳುವರಿ ಇಳಿದರೂ ಸಾವಯವದ ಬೆಲೆ ಸಿಗಲ್ಲ. ಬಯೋಡೈನಮಿಕ್ ಅದರ ಮೇಲಿನ ಮೆಟ್ಟಿಲು.

ಬೆಳೆಗಾರರು ನೋಡಿಕೊಳ್ಳಬೇಕಾದ್ದು

ಟೂರ್ ನೋಡಿ ಬಂದು ಅಥವಾ ಯಾರದೋ ಮಾತು ಕೇಳಿ ಬೆಂಗಳೂರು ಬ್ಲೂ ಕಿತ್ತು ವೈನ್ ತಳಿ ಹಾಕೋಣ ಅನ್ನುವವರು ಒಂದು ವಿಷಯ ಮರೆಯಬಾರದು. ಬೆಂಗಳೂರು ಬ್ಲೂಗೆ ಒಬ್ಬರು ಬೇಡ ಅಂದ್ರೆ ಇನ್ನೊಬ್ಬರು ಇದ್ದಾರೆ. ಮಂಡಿ ಇದೆ, ಜ್ಯೂಸ್‌ನವರು ಇದ್ದಾರೆ, ತಳ್ಳುಗಾಡಿ ಇದೆ. ಕ್ಯಾಬರ್ನೆ, ಶಿರಾಜ್‌ಗೆ ವೈನರಿ ಬಿಟ್ಟರೆ ಬೇರೆ ಗಿರಾಕಿ ಇಲ್ಲ. ತಿನ್ನಲು ಯಾರೂ ಕೊಳ್ಳಲ್ಲ.

2009-10ರ ಸುಮಾರಿಗೆ ಮಹಾರಾಷ್ಟ್ರದಲ್ಲಿ ಆಗಿದ್ದು ಇದೇ. ವೈನ್ ಮಾರಾಟ ಕುಸಿಯಿತು, ಟ್ಯಾಂಕ್‌ಗಳಲ್ಲಿ ಹಳೇ ವೈನ್ ಉಳಿಯಿತು, ವೈನರಿಗಳು ಹಣ್ಣು ಕೊಳ್ಳೋದು ನಿಲ್ಲಿಸಿದವು. ನಂಬಿ ಬೆಳೆದ ರೈತರು ಗಿಡ ಕಿತ್ತರು.

ಹಾಗಾಗಿ ಗಿಡ ನೆಡುವ ಮೊದಲು ಕಾಗದ ಆಗಬೇಕು. ಎಷ್ಟು ವರ್ಷಕ್ಕೆ ಒಪ್ಪಂದ, ಕೆಜಿಗೆ ಎಷ್ಟು, ಬ್ರಿಕ್ಸ್ ಕಮ್ಮಿ ಬಂದರೆ ಎಷ್ಟು ಕಡಿತ, ಮಳೆಗೆ ಹಣ್ಣು ಕೆಟ್ಟರೆ ಯಾರ ನಷ್ಟ, ದುಡ್ಡು ಎಷ್ಟು ದಿನದಲ್ಲಿ ಅನ್ನೋದೆಲ್ಲ ಅದರಲ್ಲಿರಬೇಕು. ಒಳ್ಳೇ ವೈನ್‌ಗೆ ಎಕರೆ ಇಳುವರಿ ಬೇಕಂತಲೇ ಕಮ್ಮಿ ಇಡಿಸ್ತಾರೆ. ಕೆಜಿ ಬೆಲೆ ಜಾಸ್ತಿ ಅನ್ನಿಸಿದರೂ ಎಕರೆ ಲೆಕ್ಕದಲ್ಲಿ ಬ್ಲೂಗಿಂತ ಕಮ್ಮಿ ಆಗಬಹುದು. 750 ಎಂಎಲ್ ಬಾಟಲಿಗೆ ಬೇಕಾಗೋದು ಒಂದು ಕೆಜಿಗೆ ಸ್ವಲ್ಪ ಮೇಲೆ ದ್ರಾಕ್ಷಿ. ಆ ಕೆಜಿಗೆ ತೋಟದಲ್ಲಿ ಎಷ್ಟು, ಬಾಟಲಿಗೆ ರುಚಿ ಕೋಣೆಯಲ್ಲಿ ಎಷ್ಟು ಅಂತ ಪಕ್ಕ ಪಕ್ಕ ಬರೆದು ನೋಡಿದ್ರೆ ದುಡ್ಡು ಯಾವ ಜಾಗದಲ್ಲಿ ಹುಟ್ಟುತ್ತೆ ಅಂತ ಗೊತ್ತಾಗುತ್ತೆ. ಬೆಳೆಯೋದರಲ್ಲಿ ಸ್ವಲ್ಪ, ತೆರಿಗೆ, ಬಂಡವಾಳ, ವರ್ಷಗಟ್ಟಲೆ ಕಾಯೋದರಲ್ಲಿ ಒಂದಷ್ಟು, ತೋಟ ತೋರಿಸಿ ಕಥೆ ಹೇಳಿ ಮಾರೋದರಲ್ಲಿ ಬಹಳಷ್ಟು.

ಅಂಗಡಿಯವರಿಗೆ ಏನು ಲಾಭ?

ತೋರಿಸಿ ಮಾರೋದಕ್ಕೆ ವೈನೇ ಬೇಕು ಅಂತಿಲ್ಲ. ಬೆಂಗಳೂರು ಬ್ಲೂ ಕೂಡ ಜಿಐ ಇರುವ ಹಣ್ಣು, ಬೇರೆ ಕಡೆ ಬೆಳೆದಿದ್ದನ್ನ ಈ ಹೆಸರಲ್ಲಿ ಮಾರೋ ಹಾಗಿಲ್ಲ. ಟೂರ್‌ಗೆ ಬಂದ ಕಾರುಗಳಲ್ಲಿ ಮಕ್ಕಳು, ವಯಸ್ಸಾದವರು, ಕುಡಿಯದವರು, ಗಾಡಿ ಓಡಿಸುವವರು ಇರ್ತಾರೆ. ಅವರಿಗೆ ತಾಜಾ ದ್ರಾಕ್ಷಿ ಜ್ಯೂಸ್, ಜಾಮ್, ಒಳ್ಳೇ ಊಟ, ಸ್ವಚ್ಛ ಶೌಚಾಲಯ ಬೇಕು. ಹುದುಗಿಸದ ಜ್ಯೂಸ್‌ಗೆ ಅಬಕಾರಿ ಲೈಸೆನ್ಸ್ ಬೇಡ, ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ನೋಂದಣಿ ಸಾಕು. ಪ್ಯಾಕೆಟ್ ಮೇಲೆ ಜಿಐ ಗುರುತು ಹಾಕಬೇಕಾದರೆ ಅಧಿಕೃತ ಬಳಕೆದಾರ ಅಂತ ಹೆಸರು ನೋಂದಾಯಿಸಿಕೊಳ್ಳಬೇಕು. ಮನೆಯಲ್ಲಿ ಮಾಡಿದ ವೈನ್ ಅಂತ ಬಾಟಲಿ ಇಟ್ಟು ಮಾರಿದರೆ ಮಾತ್ರ ಅಬಕಾರಿ ಕೇಸ್ ಖಚಿತ.

ತೋಟ ಇರುವವರು, ಅಂಗಡಿ ಇರುವವರು ಕೈಜೋಡಿಸಿದರೆ ಹಣ್ಣಿನ ಸೀಸನ್‌ನಲ್ಲಿ ಚಪ್ಪರದ ಕೆಳಗೆ ನಡೆದಾಡಿಸಿ, ಗೊಂಚಲು ಕೊಯ್ಸಿ, ತೂಕ ಹಾಕಿ ಕೊಡಬಹುದು. ಘಾಟಿ ಜಾತ್ರೆಗೆ ದನ ನೋಡಲು ಬೆಂಗಳೂರಿಂದ ಬರುವ ಜನ ದ್ರಾಕ್ಷಿ ಚಪ್ಪರ ನೋಡಲೂ ಬರ್ತಾರೆ.

ಟೂರ್‌ಗೆ ಹೋಗುವವರು ಕೇಳಬೇಕಾದ 5 ಪ್ರಶ್ನೆ

1. ಈ ಬಾಟಲಿಯ ದ್ರಾಕ್ಷಿ ಇದೇ ತೋಟದ್ದಾ, ಬೇರೆ ಕಡೆಯಿಂದ ಬಂದಿದ್ದಾ?

2. ಸಾವಯವ ಅಂದ್ರೆ ಯಾವ ಸರ್ಟಿಫಿಕೇಟ್? ದೇಶದೊಳಗೆ ಮಾರುವ ಸಾವಯವ ಆಹಾರಕ್ಕೆ ಅಧಿಕೃತ ಗುರುತು ಇರುತ್ತೆ.

3. ಬಯೋಡೈನಮಿಕ್ ಅಂದ್ರೆ ಡಿಮೀಟರ್ ಕಾಗದ ಇದೆಯಾ? ಇಲ್ಲದಿದ್ದರೆ ಅದು ಪದ್ಧತಿಯ ಹೆಸರು ಮಾತ್ರ, ಗ್ಯಾರಂಟಿ ಅಲ್ಲ. ನೈಸರ್ಗಿಕ, ಪರಿಸರಸ್ನೇಹಿ ಅನ್ನೋ ಪದಗಳೂ ಹಾಗೇ.

4. ಡೌನಿ, ಬೂದಿ ರೋಗಕ್ಕೆ ಏನು ಹೊಡೀತೀರಿ? ನೇರವಾಗಿ ಉತ್ತರ ಕೊಡುವ ತೋಟದವರನ್ನ ನಂಬಬಹುದು.

5. ಟೂರ್ ಹಣದಲ್ಲಿ ಏನೇನು ಸೇರಿದೆ? ಎಷ್ಟು ಬಗೆ ವೈನ್, ಊಟ ಇದೆಯಾ, ಕುಡಿಯದವರಿಗೆ ಬೇರೆ ದರ ಇದೆಯಾ?

ಈ ಪ್ರಶ್ನೆಗಳನ್ನ ಬೆಂಗಳೂರಿನ ಗಿರಾಕಿಗಿಂತ ನಮ್ಮ ತಾಲ್ಲೂಕಿನ ಬೆಳೆಗಾರರು ಕೇಳಿದರೆ ಉತ್ತರದ ತೂಕ ಬೇಗ ಗೊತ್ತಾಗುತ್ತೆ. ಮೈಲುತುತ್ತದ ಲೆಕ್ಕ ಗೊತ್ತಿರುವವರ ಮುಂದೆ ಬರೀ ಬೋರ್ಡ್ ತೋರಿಸಿ ತಪ್ಪಿಸಿಕೊಳ್ಳೋಕಾಗಲ್ಲ.